ಅವ್ವನ ಹಿತ್ತಿಲು ಮತ್ತು ಅಟ್ಟದ ಗೂಬೆ

ಈ ಪತ್ರಿಕೆಯಲ್ಲಿ ನಾನು ಇದುವರೆಗೆ ಬರೆದಿರುವುದೆಲ್ಲ ರಾಗಿಯ ಸಾಲಿನ ಅಂತರ, ತೊಗರಿಯ ಅಕ್ಕಡಿ, ತೆಂಗಿನ ಬುಡಕ್ಕೆ ಹಾಕಬೇಕಾದ ಗೊಬ್ಬರ ಇವುಗಳ ಬಗ್ಗೆ. ಈ ಸಲ ನಮ್ಮ ತಾಯಿಯ ಹಿತ್ತಿಲಿನ ಬಗ್ಗೆ ಬರೆಯುತ್ತಿದ್ದೇನೆ. ಇದರಲ್ಲಿ ರೈತ ಬಾಂಧವರಿಗೆ ಬೇಕಾದ ವಿಷಯವೂ ಉಂಟು. ಬೇಸಾಯ ಶಾಸ್ತ್ರದಲ್ಲಿ ಡಾಕ್ಟರೇಟು ಪಡೆದವನೊಬ್ಬ ತನ್ನ ಮನೆಯಲ್ಲೇ ಮಾಡಿದ ತಪ್ಪಿನ ಕಥೆಯೂ ಉಂಟು.

ನಮ್ಮದು ತಿಪಟೂರು ಸೀಮೆಯ ಹಳ್ಳಿ. ಮನೆಯ ಹಿಂದೆ ಇಪ್ಪತ್ತು ಗುಂಟೆ ಹಿತ್ತಿಲು. ಹನ್ನೆರಡು ತೆಂಗಿನ ಮರ, ಮೂಲೆಯಲ್ಲಿ ಒಂದು ಹಳೆಯ ಹುಣಸೆ, ಬಚ್ಚಲ ನೀರು ಹರಿಯುವ ಕಡೆ ಬಾಳೆ ಮತ್ತು ಕೆಸವು, ಬಾವಿಯ ಪಕ್ಕ ನಿಂಬೆ, ಎರಡು ಕರಿಬೇವು, ನುಗ್ಗೆ, ಸೀಬೆ, ದಾಸವಾಳ, ಮನೆ ಖರ್ಚಿಗಾಗುವಷ್ಟು ಬದನೆ, ಮೆಣಸಿನಕಾಯಿ, ಚಪ್ಪರದವರೆ. ಆಚೆ ತುದಿಯಲ್ಲಿ ತಿಪ್ಪೆ, ಅದರ ಪಕ್ಕ ಹುಲ್ಲಿನ ಮೆದೆ. ಬೇಲಿಗೆ ಕಳ್ಳಿ, ಹೊಂಗೆ, ನಡುನಡುವೆ ಯಾರೂ ನೆಡದೆ ಬಂದ ಲಂಟಾನ. ಲೆಕ್ಕ ಹಾಕುವವರ ಕಣ್ಣಿಗೆ ಇದು ಅಚ್ಚುಕಟ್ಟಿಲ್ಲದ ಜಾಗ. ನಾನೂ ಬಹಳ ಕಾಲ ಹಾಗೆಯೇ ಕಂಡಿದ್ದೆ.

ಅವ್ವ ಈ ಮನೆಗೆ ಸೊಸೆಯಾಗಿ ಬಂದದ್ದು 1971ರಲ್ಲಿ. ಈಗ ನನ್ನ ಮಗಳಿಗೂ ತಮ್ಮನ ಇಬ್ಬರು ಮಕ್ಕಳಿಗೂ ಅಜ್ಜಿ. ಹೊಲದ ಕೆಲಸ ಬಿಟ್ಟು ಕೆಲವು ವರ್ಷಗಳಾದವು. ಮಂಡಿ ನೋವು. ಆದರೆ ಬೆಳಗ್ಗೆ ಐದಕ್ಕೆ ಎದ್ದು ಹಿಂದಿನ ಜಗಲಿಯ ಮೇಲೆ ಕುಳಿತು, ಕಾಫಿ ಲೋಟ ಹಿಡಿದು ಹಿತ್ತಿಲನ್ನು ನೋಡುವುದು ಮಾತ್ರ ತಪ್ಪಿಲ್ಲ. ಬೇಸಗೆಯಲ್ಲಿ ಬೆಳಕು ಹರಿಯುವ ಮುನ್ನವೇ ಹುಣಸೆಯ ತುದಿಯಲ್ಲಿ ಮಡಿವಾಳ ಹಕ್ಕಿ ಸಿಳ್ಳು ಹಾಕುತ್ತದೆ. ಆಮೇಲೆ ಕಾಗೆ, ಆಮೇಲೆ ಪಿಕಳಾರ, ಬಿಸಿಲು ಬಂದ ಮೇಲೆ ದಾಸವಾಳಕ್ಕೆ ಸೂರಕ್ಕಿ. ಒಡೆದ ಮಡಕೆಯ ತಳದಲ್ಲಿ ಅವ್ವ ದಿನವೂ ನೀರು ಇಡುತ್ತಾಳೆ. ಎರಡು ಬೆರಳು ಆಳವಿದ್ದರೆ ಸಾಕು, ಹೆಚ್ಚಾದರೆ ಗುಬ್ಬಿ ಸ್ನಾನ ಮಾಡುವುದಿಲ್ಲ ಎಂಬುದು ಅವಳ ಅನುಭವ. ನೀರನ್ನು ದಿನವೂ ಚೆಲ್ಲಿ ಹೊಸದಾಗಿ ತುಂಬುವುದರಿಂದ ಸೊಳ್ಳೆಮರಿಯೂ ಆಗುವುದಿಲ್ಲ.

ಅವಳು ಕಣ್ಣಿಗಿಂತ ಕಿವಿಯಿಂದಲೇ ಹೆಚ್ಚು ತಿಳಿಯುತ್ತಾಳೆ. ನಮ್ಮ ಹಿತ್ತಿಲಿಗೆ ಒಂದು ಗುಂಪು ಹರಟೆಮಲ್ಲಗಳು ಬರುತ್ತವೆ. ಆರೋ ಏಳೋ ಒಟ್ಟಿಗೆ ಇಳಿದು, ಒಣಗಿದ ಎಲೆಗಳನ್ನು ಮಗುಚಿ ಹಾಕಿ ಹುಳು ಹೆಕ್ಕುತ್ತವೆ. ಒಂದು ಮಾತ್ರ ಮೇಲೆ ಕುಳಿತು ಕಾವಲು. ಅವುಗಳ ಮಾಮೂಲಿ ಗಲಾಟೆ ಒಂದು ತೆರ; ಬೆಕ್ಕು ಬಂದಾಗ ಇನ್ನೊಂದು ತೆರ; ಕೇರೆ ಹಾವು ಹರಿದಾಗ ಬೇರೆಯೇ. ಅಡುಗೆ ಮನೆಯಲ್ಲಿ ಕುಳಿತೇ ಅವ್ವ, “ಕೇರೆ ಬಂತು, ಮಕ್ಕಳನ್ನ ಒಳಕ್ಕೆ ಕರಿಯವ್ವ” ಎಂದು ಸೊಸೆಗೆ ಹೇಳುತ್ತಾಳೆ. ಹೋಗಿ ನೋಡಿದರೆ ಮೆದೆಯ ಬುಡದಲ್ಲಿ ಕೇರೆ ಇದ್ದೇ ಇರುತ್ತದೆ.

ನನ್ನ ಮಗಳು ಬೆಂಗಳೂರಿನಲ್ಲಿ ಏಳನೆಯ ತರಗತಿ. ಅವಳಿಗೆ ಅಜ್ಜಿಯೊಡನೆ ಭಾನುವಾರದ ಫೋನು ಎಂದರೆ ಒಂದು ಕಟ್ಟಳೆ. “ಈ ವಾರ ಯಾರು ಬಂದಿದ್ರು ಅಜ್ಜಿ?” ಎಂದು ಕೇಳುತ್ತಾಳೆ. ನೆಂಟರ ವಿಷಯವಲ್ಲ, ಹಕ್ಕಿಗಳ ವಿಷಯ. ಹೋದ ವರ್ಷ ಅವಳ ಹುಟ್ಟುಹಬ್ಬಕ್ಕೆ ಡಾ. ಸಲೀಂ ಅಲಿಯವರ ಭಾರತದ ಹಕ್ಕಿಗಳ ಪುಸ್ತಕವನ್ನು ತಂದುಕೊಟ್ಟೆ. 1941ರಲ್ಲಿ ಮೊದಲು ಅಚ್ಚಾದ ಆ ಪುಸ್ತಕ ಇಂದಿಗೂ ಬಳಕೆಯಲ್ಲಿದೆ. 1939-40ರಲ್ಲಿ ಸಲೀಂ ಅಲಿಯವರು ಆಗಿನ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ್ದರೆಂಬುದನ್ನು ನಾನು ಹೇಳಿದಾಗ ಅವ್ವ, “ನಮ್ಮೂರಿಗೂ ಬಂದಿದ್ರೇನೋ?” ಎಂದು ಕೇಳಿದಳು. ಅಜ್ಜಿ ಮೊಮ್ಮಗಳಿಬ್ಬರೂ ಪುಸ್ತಕದ ಚಿತ್ರ ನೋಡುತ್ತ ಹೆಸರು ಹೊಂದಿಸುತ್ತಾರೆ. ಪುಸ್ತಕದಲ್ಲಿ ಎರಡು ಬೇರೆ ಹಕ್ಕಿ ಎಂದಿರುವ ಕೆಲವನ್ನು ಅವ್ವ ಗಂಡು ಹೆಣ್ಣು ಎಂದು ತಿಳಿದಿದ್ದಳು. ಪುಸ್ತಕ ಒಂದೇ ಎಂದ ಕೋಗಿಲೆಯ ಕಪ್ಪು ಗಂಡನ್ನೂ ಚುಕ್ಕೆಯ ಹೆಣ್ಣನ್ನೂ ಬೇರೆ ಬೇರೆ ಎಂದುಕೊಂಡಿದ್ದಳು. ಎಪ್ಪತ್ತು ದಾಟಿದ ಮೇಲೆ ಇದನ್ನು ತಿದ್ದಿಕೊಳ್ಳುವುದರಲ್ಲಿ ಅವಳಿಗೆ ಕಂಡ ಸಂತೋಷ ನನ್ನ ಅನೇಕ ಸಹೋದ್ಯೋಗಿಗಳಲ್ಲಿ ಕಂಡಿಲ್ಲ.

ಕರಿಬೇವಿನ ಹುಳು, ಬದನೆಯ ಗೂಡು

ಎರಡು ಕರಿಬೇವಿನಲ್ಲಿ ಒಂದು ನಮಗೆ, ಒಂದು ಹುಳುವಿಗೆ. ನಿಂಬೆ ಜಾತಿಯ ಗಿಡಗಳ ಮೇಲೆ ಮೊಟ್ಟೆಯಿಡುವ ಚಿಟ್ಟೆಗಳು ಕರಿಬೇವಿಗೂ ಬರುತ್ತವೆ. ಎಳೆಯ ಹುಳು ನೋಡಲು ಹಕ್ಕಿಯ ಹಿಕ್ಕೆಯಂತಿರುತ್ತದೆ. ಯಾವ ಹಕ್ಕಿಯೂ ಅದನ್ನು ಮುಟ್ಟದಿರಲೆಂದೇ ಆ ವೇಷ. ಬಲಿತ ಮೇಲೆ ಎಲೆಯ ಬಣ್ಣಕ್ಕೆ ತಿರುಗುತ್ತದೆ. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಕೆಂಪನೆಯ ಕೊಂಬು ಹೊರಚಾಚಿ ಕೆಟ್ಟ ವಾಸನೆ ಬಿಡುತ್ತದೆ. ತಮ್ಮನ ಕಿರಿಯ ಮಗನಿಗೆ ಇದಕ್ಕಿಂತ ದೊಡ್ಡ ಆಟವಿಲ್ಲ. ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು. ಕೋಶ ಒಡೆಯುವ ದಿನ ಬೆಳಗ್ಗೆ ಅಜ್ಜಿ ಮಕ್ಕಳನ್ನು ಎಬ್ಬಿಸಿ ಕರೆದೊಯ್ಯುತ್ತಾಳೆ. ಮುದುಡಿದ ರೆಕ್ಕೆ ಬಿಡಿಸಿಕೊಂಡು, ಒಣಗಿಸಿಕೊಂಡು, ಚಿಟ್ಟೆ ಹಾರುವವರೆಗೆ ಯಾರಿಗೂ ಹಲ್ಲುಜ್ಜುವ ನೆನಪಿರುವುದಿಲ್ಲ.

ಬದನೆ ಗಿಡದ್ದು ಸ್ವಲ್ಪ ಜಗಳದ ಕಥೆ. ಅಗಲವಾದ ಒಂದು ಎಲೆಯ ಎರಡು ಅಂಚುಗಳನ್ನು ಜೇಡರ ನೂಲಿನಿಂದಲೂ ಹತ್ತಿಯ ಎಳೆಯಿಂದಲೂ ಹೊಲಿದು ಟುವ್ವಿ ಹಕ್ಕಿ ಅದರೊಳಗೆ ಗೂಡು ಮಾಡಿತ್ತು. ಅದೇ ವಾರ ತಮ್ಮ ಕಾಯಿಕೊರಕಕ್ಕೆ ಔಷಧಿ ಹೊಡೆಯಲು ಪಂಪು ಬೆನ್ನಿಗೇರಿಸಿ ಬಂದ. ಅವ್ವ ಅಡ್ಡ ನಿಂತಳು. “ಒಂದು ತಿಂಗಳು ಬದನೆಕಾಯಿ ತಿನ್ನದಿದ್ರೆ ಸಾಯಲ್ಲ ಕಣೋ” ಎಂದಳು. ತಮ್ಮ ಗೊಣಗುತ್ತ ಪಂಪನ್ನು ಕೆಳಗಿಟ್ಟ. ಮರಿಗಳು ಹಾರಲು ನಾಲ್ಕು ವಾರಕ್ಕಿಂತ ಹೆಚ್ಚೇನೂ ಹಿಡಿಯಲಿಲ್ಲ. ಆ ದಿನಗಳಲ್ಲಿ ತಾಯಿ ತಂದೆ ಎರಡೂ ಬೆಳಗಿನಿಂದ ಸಂಜೆಯವರೆಗೆ ಹಸಿರು ಹುಳು ತಂದು ಮರಿಗಳ ಬಾಯಿಗೆ ಹಾಕುತ್ತಿದ್ದುದನ್ನು ಅವ್ವ ಕಂಡಿದ್ದಾಳೆ. ಕಾಯಿಕೊರಕ ಇದರಿಂದ ಹೋಯಿತೇ ಎಂದರೆ, ಇಲ್ಲ. ಕಾಯಿಯೊಳಗೆ ಹೊಕ್ಕ ಹುಳು ಟುವ್ವಿಗೆ ಸಿಗುವುದಿಲ್ಲ. ಬಾಡಿದ ಕುಡಿಗಳನ್ನೂ ತೂತಾದ ಕಾಯಿಗಳನ್ನೂ ವಾರವಾರವೂ ಕಿತ್ತು ನಾಶಪಡಿಸುವುದೇ ಮನೆಯ ಹಿತ್ತಿಲಿಗೆ ಸರಿಯಾದ ಉಪಾಯ. ಅವ್ವ ಅದನ್ನೂ ಮಾಡುತ್ತಾಳೆ, ಕಿತ್ತದ್ದನ್ನು ಒಲೆಗೆ ಹಾಕುತ್ತಾಳೆ.

ಹಕ್ಕಿ ಕಾಳು ತಿನ್ನುತ್ತದೆ ಎಂಬ ದೂರು ಹಳೆಯದು. ಗುಬ್ಬಿ ಕಾಳು ತಿನ್ನುವುದು ನಿಜ, ಆದರೆ ಮರಿಗಳಿಗೆ ಅದು ಕೊಡುವುದು ಬಹುಪಾಲು ಹುಳುವನ್ನೇ. 1958ರಲ್ಲಿ ಚೀನಾ ದೇಶದಲ್ಲಿ ಗುಬ್ಬಿಗಳನ್ನು ಪಿಡುಗೆಂದು ಸಾರಿ ತಟ್ಟೆ ಬಡಿದು, ಗೂಡು ಕಿತ್ತು, ಲೆಕ್ಕವಿಲ್ಲದಷ್ಟು ಕೊಂದರು. ಹುಳುವಿನ ಹಾವಳಿ ಏರಿದ ಮೇಲೆ 1960ರಲ್ಲಿ ಆ ಪಟ್ಟಿಯಿಂದ ಗುಬ್ಬಿಯನ್ನು ತೆಗೆದು ತಿಗಣೆಯನ್ನು ಸೇರಿಸಬೇಕಾಯಿತು. ನಮ್ಮ ಮನೆಯಲ್ಲಿ ಸೂರಿನ ಕೆಳಗೆ ಅವ್ವ ಒಂದು ಕಟ್ಟು ನವಣೆಯ ತೆನೆ ತೂಗುಹಾಕುತ್ತಾಳೆ. ತೆನೆ ಬರಿದಾದರೆ ಅವಳಿಗೆ ಲಾಭ ಬಂದಂತೆ.

ಮಳೆಹುಳುವಿನ ಸಂಜೆ

ಭರಣಿಯೋ ಕೃತ್ತಿಕೆಯೋ ಮೊದಲ ಹದ ಮಳೆ ಬಿದ್ದ ಸಂಜೆ ನೆಲದಿಂದ ಗೆದ್ದಲಿನ ರೆಕ್ಕೆಹುಳುಗಳು ಹೊಗೆಯಂತೆ ಏಳುತ್ತವೆ. ಇದು ಅವ್ವನ ಹಿತ್ತಿಲಿನ ಜಾತ್ರೆ. ತಂತಿಯ ಮೇಲಿನ ಕಾಜಾಣ ಗಾಳಿಯಲ್ಲೇ ಹಿಡಿಯುತ್ತದೆ, ಕಾಗೆ ಗೊರವಂಕ ನೆಲದಲ್ಲಿ ಹೆಕ್ಕುತ್ತವೆ, ಬೇಲಿಯ ಓತಿಕ್ಯಾತ ನಾಲಗೆ ಚಾಚುತ್ತದೆ. ಬಚ್ಚಲ ಕಲ್ಲಿನ ಕೆಳಗಿನಿಂದ ಎರಡು ದಪ್ಪ ಕಪ್ಪೆಗಳು ಕುಪ್ಪಳಿಸಿ ಬಂದು ದೀಪದ ಕೆಳಗೆ ಕುಳಿತು ಹೊಟ್ಟೆ ಬಿರಿಯುವಂತೆ ತಿನ್ನುತ್ತವೆ. ಕೋಳಿಗಳು ಗೂಡು ಸೇರಲು ಒಪ್ಪುವುದಿಲ್ಲ. ಮನೆಯವರೆಲ್ಲ ಜಗಲಿಯ ಮೇಲೆ ಸಾಲಾಗಿ ಕುಳಿತು ಹುರಿದ ಕಡಲೆಕಾಯಿ ಬಿಡಿಸುತ್ತ ಇದನ್ನು ನೋಡುವುದು ನಾನು ಚಿಕ್ಕವನಾಗಿದ್ದಾಗಿನಿಂದ ಬಂದ ರೂಢಿ. ನಮ್ಮ ತಂದೆ ಇದ್ದಾಗ, ಯಾವ ದಿಕ್ಕಿನಿಂದ ಹುಳು ಎದ್ದಿತೆಂದು ನೋಡಿ ಮರುದಿನ ಅಲ್ಲಿ ಹುತ್ತ ಹುಡುಕುತ್ತಿದ್ದರು. ಅವರು ಕೂರುತ್ತಿದ್ದ ಮೂಲೆಯಲ್ಲಿ ಈಗ ತಮ್ಮನ ಹಿರಿಯ ಮಗ ಕೂರುತ್ತಾನೆ. ಯಾರೂ ಕೂರಿಸಿದ್ದಲ್ಲ.

ಪುಷ್ಯ ಮಾಸದಲ್ಲಿ ಅವರೆ. ಸೊಗಡು ಇಳಿದ ಬೆಳಗ್ಗೆ ಕಾಯಿ ಬಿಡಿಸಲು ಕುಳಿತರೆ, ಕಾಯಿಯಲ್ಲಿ ಸಿಕ್ಕ ಹಸಿರು ಹುಳುವನ್ನು ಅವ್ವ ಜಗಲಿಯ ಅಂಚಿಗೆ ಎಸೆಯುತ್ತಾಳೆ. ಮಡಿವಾಳ ಹಕ್ಕಿ ಮಾರು ದೂರದಲ್ಲಿ ಕಾದಿರುತ್ತದೆ. ನೆನೆಸಿದ ಕಾಳನ್ನು ಹಿದುಕುವ ಕೆಲಸ ಮಕ್ಕಳದು. ಬೆರಳಿನಿಂದ ಚಿಮ್ಮಿದ ಬೇಳೆ ಯಾರ ಕೆನ್ನೆಗೆ ಬಡಿಯಿತು ಎಂಬುದರ ಮೇಲೆ ಗಲಾಟೆ.

ತಿಪ್ಪೆಯ ಕೆಲಸವೂ ಅಜ್ಜಿ ಮೊಮ್ಮಕ್ಕಳದೇ. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ, ರೈನಾಸರಸ್ ದುಂಬಿ ಎಂದು ನಾವು ಬರೆಯುವುದು, ಹುಟ್ಟುವುದು ಕೊಳೆತ ಗೊಬ್ಬರದಲ್ಲಿ. ಬಿದ್ದ ಗರಿ ಬೀಸಣಿಗೆಯಂತೆ ಕತ್ತರಿಸಿದ ಹಾಗೆ ಕಂಡರೆ ಅದರದೇ ಕೈವಾಡ. ಎರಡು ಮೂರು ತಿಂಗಳಿಗೊಮ್ಮೆ ತಮ್ಮ ತಿಪ್ಪೆ ಮಗುಚುತ್ತಾನೆ. ಬೆಳ್ಳನೆಯ ದಪ್ಪ ಗೊಬ್ಬರದ ಹುಳುಗಳನ್ನು ಮಕ್ಕಳು ಹೆಕ್ಕುತ್ತಾರೆ. ಹುಳುವಿಗೊಂದು ರೂಪಾಯಿ ಅಜ್ಜಿಯ ದರ. ಕೋಳಿಗೆ ಅರ್ಧ, ಬೇಲಿಯಲ್ಲಿ ಅಡಗಿ ಕಾಯುವ ಕೆಂಬೂತಕ್ಕೆ ಉಳಿದರ್ಧ. ಗೊಬ್ಬರಕ್ಕೆ ಹಸಿರು ಮೆಟರೈಜಿಯಂ ಶಿಲೀಂಧ್ರ ಬೆರೆಸುವುದನ್ನೂ ನಾವು ಶಿಫಾರಸು ಮಾಡುತ್ತೇವೆ, ಅದು ಪರಿಣಾಮಕಾರಿಯೇ. ಆದರೆ ಮಕ್ಕಳಿರುವ ಮನೆಯಲ್ಲಿ ರೂಪಾಯಿಯ ದರವೂ ಕೆಲಸ ಮಾಡುತ್ತದೆ.

ಇವೆಲ್ಲ ಕೇಳಲು ಸೊಗಸು. ಆದರೆ ಹಿತ್ತಿಲಿನ ಜೀವಿಗಳು ನಮ್ಮ ಸಂತೋಷಕ್ಕೆಂದು ಬಂದವಲ್ಲ. ಮುಂಗುಸಿ ಒಂದೇ ಬೆಳಗ್ಗೆ ಐದು ಕೋಳಿಮರಿ ಒಯ್ದದ್ದುಂಟು. ಅವ್ವ ಅಂದು ಬೈದಳು, ಮರುದಿನದಿಂದ ಮರಿಗಳನ್ನು ಮಂಕರಿಯ ಕೆಳಗೆ ಮುಚ್ಚಿದಳು. ಮುಂಗುಸಿಯನ್ನಾಗಲಿ, ಕೇರೆಯನ್ನಾಗಲಿ, ಗೂಬೆಯನ್ನಾಗಲಿ ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಕೇರೆಗೆ ವಿಷವಿಲ್ಲ, ಇಲಿ ಹಿಡಿಯುವುದರಲ್ಲಿ ಅದು ನಿಪುಣ. ಹಾಗೆಂದು ಹಾವೆಲ್ಲ ಕೇರೆಯಲ್ಲ. ನಮ್ಮ ಕಡೆ ನಾಗರವೂ ಕೊಳಕುಮಂಡಲವೂ ಇವೆ. ಮನೆಯ ಗೋಡೆಗೆ ಸೌದೆ, ಕಾಯಿಸಿಪ್ಪೆ ಒಟ್ಟಬಾರದು. ರಾತ್ರಿ ಹಿತ್ತಿಲಿಗೆ ಬ್ಯಾಟರಿಯಿಲ್ಲದೆ ಇಳಿಯಬಾರದು. ಕಚ್ಚಿದರೆ ಮಂತ್ರ, ನಾಟಿಮದ್ದು ಎನ್ನದೆ ಕೂಡಲೇ ಪ್ರತಿವಿಷವಿರುವ ಆಸ್ಪತ್ರೆಗೆ ಹೋಗಬೇಕು. ಇದರಲ್ಲಿ ಅವ್ವ ನನಗಿಂತ ಕಟ್ಟುನಿಟ್ಟು.

ಅಟ್ಟದ ನೆಂಟ

ಇನ್ನು ಗೂಬೆಯ ವಿಷಯ. ನಮ್ಮ ಸೀಮೆಯ ಉಂಡೆ ಕೊಬ್ಬರಿ ಹೇಗಾಗುತ್ತದೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಬೇರೆ ಕಡೆಯ ಓದುಗರಿಗಾಗಿ ಒಂದು ಮಾತು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಡುತ್ತದೆ; ಅಲ್ಲಾಡಿಸಿದರೆ ಸದ್ದಾಗುತ್ತದೆ. ವರ್ಷವಿಡೀ ಅಲುಗಾಡದ ಆ ರಾಶಿ ಇಲಿಗೆ ಅರಮನೆ. ಸಿಪ್ಪೆಯ ನಾರಿನಲ್ಲಿ ಗೂಡು, ಸುಲಿದಿಟ್ಟ ಕೊಬ್ಬರಿಯಲ್ಲಿ ಊಟ. ಸಾಲದ್ದಕ್ಕೆ ಮರ ಹತ್ತಿ ಎಳೆಗಾಯಿಯ ತೊಟ್ಟಿನ ಬಳಿ ತೂತು ಕೊರೆದು ಉದುರಿಸುತ್ತವೆ.

ಕೊಬ್ಬರಿ ಮನೆಯ ತ್ರಿಕೋನ ಗೋಡೆಯಲ್ಲಿ ಗಾಳಿಗೆಂದು ಬಿಟ್ಟ ಕಿಂಡಿಯಿದೆ. ಸುಮಾರು ಹತ್ತು ವರ್ಷದ ಹಿಂದೆ ಅಲ್ಲಿ ಕಣಜ ಗೂಬೆಯ ಜೋಡಿ ಬಂದು ಸೇರಿತು. ಹೃದಯದ ಆಕಾರದ ಬಿಳಿ ಮುಖ, ಸದ್ದಿಲ್ಲದ ರೆಕ್ಕೆ. ಆದರೆ ಕೂಗು ಮಾತ್ರ ಬಟ್ಟೆ ಹರಿದಂತೆ ಕರ್ಕಶ. ಊರಿನವರು ಸುಮ್ಮನಿರಲಿಲ್ಲ. ಗೂಬೆ ಹೊಕ್ಕ ಮನೆ ಹಾಳು, ಓಡಿಸಿ, ಶಾಂತಿ ಮಾಡಿಸಿ ಎಂದರು. ತಮ್ಮನ ಹೆಂಡತಿ ಆಗ ಹೊಸದಾಗಿ ಬಂದವಳು, ಹೆದರಿದಳು. “ಅತ್ತೆ, ಓಡಿಸಿಬಿಡೋಣ” ಎಂದಳು. ಅವ್ವ ತಕ್ಷಣ ಉತ್ತರ ಕೊಡಲಿಲ್ಲ. ಅವಳಿಗೂ ಭಯವಿತ್ತೆಂದು ಆಮೇಲೆ ನನ್ನ ಬಳಿ ಒಪ್ಪಿಕೊಂಡಿದ್ದಾಳೆ. ಒಂದು ವಾರ ರಾತ್ರಿ ಜಗಲಿಯಲ್ಲಿ ಕುಳಿತು ನೋಡಿದಳಂತೆ. ಪ್ರತಿ ಸಲ ಹೊರಗಿನಿಂದ ಬರುವಾಗ ಕಾಲಿನಲ್ಲಿ ಇಲಿ. “ಕೊಬ್ಬರಿ ಕಾಯೋಕೆ ಸಂಬಳ ಇಲ್ಲದ ಆಳು ಬಂದೈತೆ, ನಾನ್ಯಾಕೆ ಓಡಿಸಲಿ?” ಎಂದಳು. ಬಂಗಾಳದಲ್ಲಿ ಗೂಬೆಯನ್ನು ಲಕ್ಷ್ಮಿಯ ವಾಹನವೆಂದು ಪೂಜಿಸುವರೆಂದು ನಾನು ಹೇಳಿದ್ದು ಅವಳಿಗೆ ಊರಿನವರ ಬಾಯಿ ಮುಚ್ಚಿಸಲು ಒದಗಿತು.

ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಮೂಳೆ ಕೂದಲುಗಳನ್ನು ಉಂಡೆಯಾಗಿ ಕಕ್ಕುತ್ತದೆ. ಕಿಂಡಿಯ ಕೆಳಗೆ ಬಿದ್ದ ಇಂಥ ಉಂಡೆಗಳನ್ನು ಅಜ್ಜಿ ಮೊಮ್ಮಗಳು ನೀರಿನಲ್ಲಿ ನೆನೆಸಿ ಕಡ್ಡಿಯಿಂದ ಬಿಡಿಸುವುದುಂಟು. ಒಂದೊಂದರಲ್ಲಿ ಎರಡು ಮೂರು ತಲೆಬುರುಡೆ. ಕಿತ್ತಳೆ ಬಣ್ಣದ ಉದ್ದನೆಯ ಮುಂಹಲ್ಲು ನೋಡಿದರೆ ಇಲಿಯದೆಂದು ಯಾರಾದರೂ ಹೇಳಬಹುದು. ಮಗಳು ಅವನ್ನು ಬೆಂಕಿಪೊಟ್ಟಣದಲ್ಲಿ ತುಂಬಿ ಶಾಲೆಗೆ ಒಯ್ದು ಬೈಸಿಕೊಂಡಳು.

2021ರ ಕಾರ್ತಿಕದಲ್ಲಿ ನಾನು ಊರಿಗೆ ಹೋದಾಗ ಅಟ್ಟದಲ್ಲಿ ಮರಿಗಳಿದ್ದವು, ಮೂರು. ಗೂಬೆ ಮೊದಲ ಮೊಟ್ಟೆಯಿಟ್ಟೊಡನೆ ಕಾವಿಗೆ ಕೂರುವುದರಿಂದ ಮರಿಗಳು ಒಂದೊಂದು ಒಂದೊಂದು ಗಾತ್ರ. ಆದರೆ ನನ್ನ ಕಣ್ಣು ಬಿದ್ದದ್ದು ಇಲಿಯ ಹಾವಳಿಯ ಮೇಲೆ. ಮರದ ಕೆಳಗೆ ತೂತುಬಿದ್ದ ಎಳೆಗಾಯಿಗಳ ರಾಶಿ. ತಮ್ಮ ನಷ್ಟದ ಲೆಕ್ಕ ಹೇಳಿದ. ಗೂಬೆ ಇದ್ದೂ ಇಷ್ಟೇ ತಾನೇ ಎಂದ. ನಾನು ವಿಜ್ಞಾನಿ; ಸುಮ್ಮನಿರಲಾರೆ. ಶನಿವಾರ ತಿಪಟೂರಿಗೆ ಹೋಗಿ ಬ್ರೋಮಾಡಿಯೋಲೋನ್ ತಂದು, ನುಚ್ಚಿಗೆ ಎಣ್ಣೆ ಬೆರೆಸಿ, ನಾವು ತರಬೇತಿಯಲ್ಲಿ ಹೇಳಿಕೊಡುವ ಪ್ರಮಾಣದಲ್ಲೇ ಕಲಸಿ, ಅಟ್ಟದ ಮೂಲೆಗಳಲ್ಲೂ ಮೆದೆಯ ಸುತ್ತಲೂ ಕಾಗದದ ಪೊಟ್ಟಣಗಳಲ್ಲಿ ಇಟ್ಟೆ. “ಇದರಿಂದ ಬೇರೆಯವಕ್ಕೆ ಏನೂ ಆಗಲ್ಲ ತಾನೇ?” ಎಂದು ಅವ್ವ ಕೇಳಿದಳು. “ನುಚ್ಚು ಗೂಬೆ ತಿನ್ನುತ್ತೇನವ್ವಾ?” ಎಂದು ನಕ್ಕೆ. ಸತ್ತ ಇಲಿಗಳನ್ನು ಹೆಕ್ಕಿ ಹೂಳಬೇಕೆಂದು ತಮ್ಮನಿಗೆ ಹೇಳಿ ಭಾನುವಾರ ಸಂಜೆ ಹೊರಟುಬಂದೆ. ರಾಗಿ ಕೊಯ್ಲಿನ ಕಾಲ, ಅವನಿಗೆ ಪುರಸೊತ್ತೆಲ್ಲಿ?

ಮುಂದಿನ ಭಾನುವಾರ ತಮ್ಮ ಫೋನು ಮಾಡಿದ. “ಅಣ್ಣಾ, ಗೂಬೆ ಸತ್ತೋಯ್ತು. ಅವ್ವ ಉಣ್ಣಕ್ಕೆ ಬರ್ತಿಲ್ಲ.”

ಹಿಂದಿನ ಮಧ್ಯಾಹ್ನ ಅದು ತಿಪ್ಪೆಯ ಪಕ್ಕ ಬಿಸಿಲಿನಲ್ಲಿ ನೆಲದ ಮೇಲೆ ಕುಳಿತಿತ್ತಂತೆ. ಕಾಗೆಗಳು ಕುಕ್ಕುತ್ತಿದ್ದರೂ ಹಾರಲಿಲ್ಲ. ಅವ್ವ ಕಾಗೆ ಓಡಿಸಿ ಮಂಕರಿ ಮುಚ್ಚಿ ಪಕ್ಕದಲ್ಲೇ ಕುಳಿತಳು. ಬೆಳಗಾಗುವುದರೊಳಗೆ ಸತ್ತಿತ್ತು. ನಾನು ಹೋಗಿ ನೋಡಿದಾಗ ಕೊಕ್ಕಿನ ಸುತ್ತ ರಕ್ತ, ರೆಕ್ಕೆಯ ಒಳಗೆ ಚರ್ಮದಡಿ ಕಂದು ಕಲೆ. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲಿಲ್ಲ, ಆದರೆ ನನಗೆ ಅನುಮಾನ ಉಳಿಯಲಿಲ್ಲ. ಅವ್ವ ನನ್ನನ್ನು ಬೈಯಲಿಲ್ಲ. ಮುದ್ದೆ ತಿರುವಿ ಬಡಿಸಿದಳು, ಮಾತಾಡಲಿಲ್ಲ. ಕೈ ತೊಳೆಯುವಾಗ ಮಾತ್ರ, “ನೀನು ಓದಿದೋನು, ನಿನಗೆ ಗೊತ್ತಿತ್ತಲ್ಲ ಮಗಾ” ಎಂದಳು.

ನನಗೆ ಗೊತ್ತಿತ್ತು. ಅದೇ ಇಲ್ಲಿ ಹೇಳಬೇಕಾದದ್ದು. ಬ್ರೋಮಾಡಿಯೋಲೋನ್ ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣ. ತಿಂದ ಇಲಿ ಕೂಡಲೇ ಸಾಯುವುದಿಲ್ಲ, ನಾಲ್ಕೈದು ದಿನದಿಂದ ಒಂದು ವಾರದವರೆಗೂ ಬದುಕಿರುತ್ತದೆ. ಬೇರೆ ಇಲಿಗಳಿಗೆ ಅನುಮಾನ ಬಾರದಿರಲೆಂದೇ ಈ ನಿಧಾನ, ಇದೇ ಅದರ ಗುಣ. ಆದರೆ ಆ ದಿನಗಳಲ್ಲಿ ಇಲಿ ಮತ್ತೆ ಮತ್ತೆ ತಿಂದು ಮೈಯಲ್ಲಿ ವಿಷ ತುಂಬಿಕೊಳ್ಳುತ್ತದೆ, ಮಂಕಾಗಿ ಬಯಲಿನಲ್ಲಿ ತೂಗಾಡುತ್ತದೆ. ಗೂಬೆಗೆ, ಕೇರೆಗೆ, ಮುಂಗುಸಿಗೆ, ಮನೆಯ ಬೆಕ್ಕಿಗೆ ಅದಕ್ಕಿಂತ ಸುಲಭದ ಬೇಟೆ ಯಾವುದು? ಇಂಥ ಇಲಿಗಳನ್ನು ದಿನವೂ ನುಂಗಿದ ಗೂಬೆಯ ಪಿತ್ತಜನಕಾಂಗದಲ್ಲಿ ಆ ವಿಷ ಉಳಿದು ಸೇರುತ್ತ ಹೋಗುತ್ತದೆ. ಪುಸ್ತಕದಲ್ಲಿ ಇದೆಲ್ಲ ಇದೆ, ನಾನೇ ಪಾಠ ಹೇಳಿದ್ದೇನೆ. ನಮ್ಮ ಅಟ್ಟ ಮಾತ್ರ ಆ ಪುಸ್ತಕದೊಳಗಿಲ್ಲ ಎಂದು ಎಣಿಸಿದ್ದೆ.

ಉಳಿದ ಪೊಟ್ಟಣಗಳನ್ನೆಲ್ಲ ಅಂದೇ ಹೆಕ್ಕಿ ಎರಡಡಿ ಆಳದ ಗುಂಡಿಯಲ್ಲಿ ಹೂಳಿದೆವು. ಮೆದೆಯ ಸುತ್ತ ಸತ್ತ ಇಲಿಗಳೂ ಸಿಕ್ಕವು. ಎರಡು ದಿನದಲ್ಲಿ ಚಿಕ್ಕ ಮರಿ ಸತ್ತಿತು. ಇನ್ನೆರಡನ್ನು ಉಳಿದೊಂದು ಗೂಬೆ ಒಂಟಿಯಾಗಿ ಸಾಕಿತು. ಅವ್ವ ಅಟ್ಟಕ್ಕೆ ದೀಪ ಹಾಕಲು, ಏಣಿ ಹತ್ತಲು ಯಾರನ್ನೂ ಬಿಡಲಿಲ್ಲ. ಕೊಬ್ಬರಿ ಇಳಿಸುವ ಕೆಲಸವೇ ನಿಂತಿತು. ತಮ್ಮ ಈ ಸಲ ಗೊಣಗಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಎರಡೂ ಹಾರಿದವು. ದೊಡ್ಡ ಗೂಬೆಯೂ ಕಾಣೆಯಾಯಿತು. ಕಿಂಡಿ ಬರಿದಾಯಿತು.

ಆಮೇಲೆ ಮಾಡಿದ್ದು

ಇಲಿ ಮಾತ್ರ ಹೋಗಲಿಲ್ಲ. ಆದ್ದರಿಂದ ಮೊದಲೇ ಮಾಡಬೇಕಿದ್ದ ಕೆಲಸವನ್ನು ಆಮೇಲೆ ಮಾಡಿದೆವು. ತೆಂಗಿನ ಕಾಂಡಕ್ಕೆ ನೆಲದಿಂದ ಎರಡು ಮೀಟರ್ ಎತ್ತರದಲ್ಲಿ 40 ಸೆಂ.ಮೀ. ಅಗಲದ ನಯವಾದ ತಗಡಿನ ಪಟ್ಟಿ ಸುತ್ತಿ ಮೊಳೆ ಹೊಡೆದೆವು. ಇಲಿಯ ಉಗುರಿಗೆ ಅದರ ಮೇಲೆ ಹಿಡಿತ ಸಿಗುವುದಿಲ್ಲ. ಒಂದು ಮರದ ಗರಿ ಇನ್ನೊಂದಕ್ಕೆ ತಾಗಿದ್ದರೆ ಈ ತಗಡು ವ್ಯರ್ಥ. ಇಲಿ ಮೇಲಿಂದ ಮೇಲೆಯೇ ದಾಟುತ್ತದೆ. ದಟ್ಟವಾಗಿ ನೆಟ್ಟ ತೋಟಗಳಿಗೆ ಈ ಉಪಾಯ ಒದಗದು. ನಮ್ಮ ಹಿತ್ತಿಲಿನ ಮರಗಳು ದೂರ ದೂರ ಇರುವುದರಿಂದ ಒದಗಿತು. ಹುಲ್ಲಿನ ಮೆದೆಯನ್ನು ನೆಲಕ್ಕೆ ಹಾಕದೆ ಕಲ್ಲುಕಂಬದ ಮೇಲಿನ ಅಟ್ಟಣೆಗೆ ಏರಿಸಿದೆವು. ಕೊಬ್ಬರಿ ಅಟ್ಟದ ಸಂದುಗಳಿಗೆಲ್ಲ ಸಣ್ಣ ಕಣ್ಣಿನ ತಂತಿ ಬಲೆ. ಇಲಿ ಬೋನುಗಳು ಆರು, ಕೊಬ್ಬರಿ ಚೂರನ್ನು ಸುಟ್ಟು ಸಿಕ್ಕಿಸಿ ದಿನವೂ ಜಾಗ ಬದಲಾಯಿಸುವುದು. ಗೂಬೆಯ ಕಿಂಡಿಯನ್ನು ಮುಚ್ಚಲಿಲ್ಲ. ಅದರ ಒಳಗಡೆಗೆ ಎರಡಡಿ ಉದ್ದ, ಒಂದೂವರೆ ಅಡಿ ಅಗಲ ಎತ್ತರದ ಹಲಗೆಯ ಪೆಟ್ಟಿಗೆ ಕೂರಿಸಿದೆವು. ಗೂಬೆಗೆ ಮನೆಯಾಯಿತು, ಅಟ್ಟಕ್ಕೆ ದಾರಿ ಇಲ್ಲವಾಯಿತು.

ಪಾಷಾಣವನ್ನು ಎಲ್ಲಿಯೂ ಬಳಸಲೇಬಾರದೆಂದು ನಾನು ಹೇಳುತ್ತಿಲ್ಲ. ಬಯಲಿನಲ್ಲಿ ಇಲಿ ವಿಪರೀತವಾದಾಗ ಬೇರೆ ದಾರಿ ಇಲ್ಲದಿರಬಹುದು. ಆಗ ಸಂಜೆ ಎಲ್ಲ ಬಿಲಗಳನ್ನೂ ಮಣ್ಣಿನಿಂದ ಮುಚ್ಚಿ, ಬೆಳಗ್ಗೆ ತೆರೆದುಕೊಂಡ ಬಿಲಗಳಲ್ಲಿ ಮಾತ್ರ, ಆಳಕ್ಕೆ ಇಟ್ಟು ಬಾಯಿ ಮುಚ್ಚಬೇಕು. ಬಯಲಿನಲ್ಲಿ, ಅಟ್ಟದಲ್ಲಿ, ಮಕ್ಕಳು ಕೋಳಿಗಳು ಓಡಾಡುವ ಕಡೆ ಪೊಟ್ಟಣ ಇಡಬಾರದು. ಅಲ್ಲಿಂದ ಹತ್ತು ದಿನ ಪ್ರತಿ ಬೆಳಗ್ಗೆ ಸುತ್ತಿ ಸತ್ತವನ್ನೂ ಸಾಯುತ್ತಿರುವವನ್ನೂ ಹೆಕ್ಕಿ ಆಳವಾಗಿ ಹೂಳುವವರು ಯಾರೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಹೆಕ್ಕುವವರಿಲ್ಲದಿದ್ದರೆ ಇಡಲೇಬೇಡಿ. ಗೂಬೆಯಿದ್ದರೆ ಇಲಿಯೇ ಇರದು ಎನ್ನುವುದೂ ಸುಳ್ಳು. ತಮ್ಮ ಹೇಳಿದ ನಷ್ಟ ಗೂಬೆ ಇದ್ದಾಗಲೇ ಆದದ್ದು. ಈಗಲೂ ಒಂದಿಷ್ಟು ಕಾಯಿ ಉದುರುತ್ತದೆ, ಆದರೆ ರಾಶಿ ಬೀಳುವುದಿಲ್ಲ.

ಎರಡು ವರ್ಷ ಪೆಟ್ಟಿಗೆ ಖಾಲಿಯಿತ್ತು. ಅವ್ವ ಒಮ್ಮೆಯೂ ಅದರ ಮಾತೆತ್ತಲಿಲ್ಲ, ಆದರೆ ಕತ್ತಲಾಗುವ ಹೊತ್ತಿಗೆ ಕುರ್ಚಿಯನ್ನು ಅತ್ತ ತಿರುಗಿಸಿಕೊಂಡು ಕೂರುತ್ತಿದ್ದಳು. 2023ರ ದೀಪಾವಳಿ ಕಳೆದ ಭಾನುವಾರ ಮಗಳು ಎಂದಿನಂತೆ ಫೋನಿನಲ್ಲಿ, “ಯಾರು ಬಂದಿದ್ರು ಅಜ್ಜಿ?” ಎಂದಳು. ಆ ಕಡೆಯಿಂದ ಬಂದ ಉತ್ತರ ನನಗೆ ಕೇಳಿಸಲಿಲ್ಲ. ಮಗಳು ಫೋನು ಹಿಡಿದುಕೊಂಡೇ ಓಡಿಬಂದು, “ಅಪ್ಪಾ, ಅಜ್ಜಿ ನಿಮಗೆ ಹೇಳು ಅಂದ್ರು, ಕಿಂಡಿಯಲ್ಲಿ ಬಿಳಿ ಮುಖ ಕಾಣಿಸ್ತಂತೆ” ಎಂದಳು.

ಆ ಶನಿವಾರ ನಾನೂ ಜಗಲಿಯಲ್ಲಿ ಕುಳಿತು ನೋಡಿದೆ. ಅದೇ ಗೂಬೆಯೋ, ಅದರ ಮರಿಯೋ, ಎಲ್ಲಿಂದಲೋ ಬಂದದ್ದೋ ಹೇಳುವಂತಿಲ್ಲ. ಅವ್ವನಿಗೆ ಅದರ ಚಿಂತೆ ಇರಲಿಲ್ಲ. ಅವಳ ತಕರಾರು ಬೇರೆಯೇ. ತೆಂಗಿಗೆ ತಗಡು ಸುತ್ತಿದ ಮೇಲೆ ಅಳಿಲುಗಳು ಅರ್ಧ ಹತ್ತಿ ಜಾರಿ ಬೀಳುತ್ತಿವೆ, ಒಂದಕ್ಕೆ ಮೇಲೆ ಗೂಡಿದೆ, ಅದು ಗರಿಯಿಂದ ಹುಣಸೆಗೆ ನೆಗೆದು ಸುತ್ತುಬಳಸಿ ಇಳಿಯಬೇಕಾಗಿದೆ ಎಂದಳು. ಬಾವಿಯ ಪಕ್ಕದ ಆ ಒಂದು ಮರದ ತಗಡನ್ನು ಮರುದಿನ ಬೆಳಗ್ಗೆ ನಾನೇ ಕಿತ್ತೆ. ಆ ಮರದ ಕಾಯಿಯ ಲೆಕ್ಕವನ್ನು ತಮ್ಮ ಈಗ ಕೇಳುವುದಿಲ್ಲ.